ಬಾಕ್ಸಿಂಗ್: ಚಾಂಪಿಯನ್ನರು ಮತ್ತು ತಪ್ಪಿಹೋದ ಸೆಣಸುಗಳು

ಬಲಿಷ್ಠ ಎದುರಾಳಿಗೆ ಮುಖಾಮುಖಿಯಾಗದೆ ಚಾಂಪಿಯನ್ ತನ್ನ ಪಟ್ಟ ಕಾಯ್ದುಕೊಂಡಿದ್ದಾನೆ ಎಂಬ ಆರೋಪ ವೃತ್ತಿಪರ ಬಾಕ್ಸಿಂಗ್‌ನ ಇತಿಹಾಸದುದ್ದಕ್ಕೂ ಕೇಳಿಬಂದಿದೆ. ಅಭಿಮಾನಿಗಳು ಇದನ್ನು ‘ಡಕ್ ಮಾಡುವುದು’ ಎನ್ನುತ್ತಾರೆ. ಸುಲಭದ ಎದುರಾಳಿಗಳನ್ನೇ ಹುಡುಕಿ ಆರಿಸಿಕೊಳ್ಳುವವನಿಗೆ ‘ಚೆರ್ರಿ ಪಿಕರ್’ ಎಂಬ ಹೆಸರು ಬೀಳುತ್ತದೆ. ಈ ಮಾತು ಅಂಟದೆ ಉಳಿದ ಚಾಂಪಿಯನ್ನರು ಕಡಿಮೆ. ಆದರೆ ಆರೋಪಗಳೆಲ್ಲ ಒಂದೇ ತೂಕದವಲ್ಲ. ಚರ್ಮದ ಬಣ್ಣ ನೋಡಿ ಪಟ್ಟದ ಬಾಗಿಲು ಮುಚ್ಚಿದ್ದು ಒಂದು ಬಗೆ, ಹಣದ ಲೆಕ್ಕ ಕೂಡಿಬರದೆ ಸೆಣಸು ವರ್ಷಗಟ್ಟಲೆ ಮುಂದಕ್ಕೆ ಹೋದದ್ದು ಇನ್ನೊಂದು ಬಗೆ. ಯಾರು ಯಾರಿಂದ ತಪ್ಪಿಸಿಕೊಂಡರು ಎಂದು ಕೇಳುವ ಮೊದಲು, ಆ ಸೆಣಸನ್ನು ಏರ್ಪಡಿಸುವ ಅಧಿಕಾರ ಯಾರ ಕೈಯಲ್ಲಿತ್ತು ಎಂದು ನೋಡಬೇಕಾಗುತ್ತದೆ.

ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ ಈ ಪ್ರಶ್ನೆ ಕಣದೊಳಗೆ ಏಳುವುದಿಲ್ಲ. ಅಲ್ಲಿ ಯಾರ ಮೇಲೆ ಯಾರು ಎಂಬುದು ಡ್ರಾದಲ್ಲಿ ನಿರ್ಧಾರವಾಗುತ್ತದೆ. ಪದಕ ಬೇಕೆಂದರೆ ಎದುರಿಗೆ ಬಂದವರನ್ನು ಗೆಲ್ಲಲೇಬೇಕು. 2008ರ ಬೀಜಿಂಗ್‌ನಲ್ಲಿ ಕಂಚು ಗೆದ್ದ ವಿಜೇಂದರ್ ಸಿಂಗ್ ಅವರಿಗಾಗಲಿ, 2012ರ ಲಂಡನ್‌ನಲ್ಲಿ ಕಂಚು ಗೆದ್ದ ಮೇರಿ ಕೋಮ್ ಅವರಿಗಾಗಲಿ ಎದುರಾಳಿಯನ್ನು ಆರಿಸುವ ಅವಕಾಶವಿರಲಿಲ್ಲ. ವೃತ್ತಿಪರ ಬಾಕ್ಸಿಂಗ್‌ನ ಕಟ್ಟಡವೇ ಬೇರೆ. ಅಲ್ಲಿ ಋತುವಿಲ್ಲ, ಲೀಗ್ ಇಲ್ಲ, ಎಲ್ಲರೂ ತಲೆಬಾಗುವ ಒಂದು ಒಕ್ಕೂಟವಿಲ್ಲ. ಪ್ರತಿಯೊಂದು ಸೆಣಸೂ ಇಬ್ಬರು ಬಾಕ್ಸರುಗಳು, ಅವರ ಮ್ಯಾನೇಜರುಗಳು, ಪ್ರೊಮೋಟರುಗಳು ಮತ್ತು ಟಿ.ವಿ. ಕಂಪನಿಗಳು ಕೂತು ಮಾಡಿಕೊಳ್ಳುವ ಬಿಡಿ ವ್ಯಾಪಾರ. ಯಾರೊಬ್ಬರು ಎದ್ದುಹೋದರೂ ವ್ಯಾಪಾರ ಮುರಿಯಿತು. ಚಾಂಪಿಯನ್ನನ ಎದುರು ನಿಲ್ಲುವ ಅರ್ಹತೆ ಒಂದು, ನಿಲ್ಲುವ ಅವಕಾಶ ಮತ್ತೊಂದು. ಇವೆರಡರ ನಡುವಿನ ಅಂತರದಲ್ಲೇ ಅಭಿಮಾನಿಗಳ ವಾದಗಳೆಲ್ಲ ಹುಟ್ಟುತ್ತವೆ.

ಈ ಚರಿತ್ರೆಯ ಅತ್ಯಂತ ಕರಾಳ ಅಧ್ಯಾಯ ಅಮೆರಿಕದ ಹೆವಿವೇಟ್ ಪಟ್ಟದ್ದು. 1880ರ ದಶಕದಲ್ಲಿ ಜಾನ್ ಎಲ್. ಸುಲ್ಲಿವನ್ ತಾನು ಕಪ್ಪು ಬಾಕ್ಸರುಗಳ ಜೊತೆ ಸೆಣಸುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳಿದರು. ಇದರಿಂದ ಹೆಚ್ಚು ನಷ್ಟ ಅನುಭವಿಸಿದವರು ಪೀಟರ್ ಜಾಕ್ಸನ್. ಕೆರಿಬಿಯನ್ ದ್ವೀಪವೊಂದರಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಬಾಕ್ಸಿಂಗ್ ಕಲಿತ ಜಾಕ್ಸನ್ 1891ರ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೇಮ್ಸ್ ಕಾರ್ಬೆಟ್ ಜೊತೆ 61 ಸುತ್ತು ಸೆಣಸಿದರು, ಯಾರೂ ಗೆಲ್ಲಲಿಲ್ಲ. ಮರುವರ್ಷ ಕಾರ್ಬೆಟ್ ನ್ಯೂ ಆರ್ಲಿಯನ್ಸ್‌ನಲ್ಲಿ ಸುಲ್ಲಿವನ್‌ರನ್ನು ಸೋಲಿಸಿ ಚಾಂಪಿಯನ್ ಆದರು. ತನಗೆ ಸರಿಸಮನಾಗಿ ನಿಂತಿದ್ದ ಜಾಕ್ಸನ್‌ಗೆ ಪಟ್ಟದ ಸೆಣಸು ಮಾತ್ರ ಅವರಿಂದಲೂ ಸಿಗಲಿಲ್ಲ. ಜಾಕ್ಸನ್ 1901ರಲ್ಲಿ ಕ್ಷಯರೋಗದಿಂದ ತೀರಿಕೊಂಡರು.

1899ರಲ್ಲಿ ಚಾಂಪಿಯನ್ ಆದ ಜಿಮ್ ಜೆಫ್ರೀಸ್ ಕೂಡ ಈ ವರ್ಣರೇಖೆಯನ್ನು ಮುಂದುವರಿಸಿ, ಜಾಕ್ ಜಾನ್ಸನ್‌ರಿಗೆ ಅವಕಾಶ ಕೊಡದೆ 1905ರಲ್ಲಿ ಅಜೇಯರಾಗಿ ನಿವೃತ್ತರಾದರು. ಮುಂದೆ ಪಟ್ಟಕ್ಕೆ ಬಂದ ಕೆನಡಾದ ಟಾಮಿ ಬರ್ನ್ಸ್ ಇಂಗ್ಲೆಂಡ್, ಫ್ರಾನ್ಸ್, ಆಸ್ಟ್ರೇಲಿಯಾಗಳನ್ನು ಸುತ್ತುತ್ತಿದ್ದರೆ ಜಾನ್ಸನ್ ಅವರ ಬೆನ್ನು ಹತ್ತಿ ದೇಶದಿಂದ ದೇಶಕ್ಕೆ ಹೋಗಿ ಸವಾಲು ಹಾಕಿದರು. ಕೊನೆಗೆ ಹ್ಯೂ ಮೆಕಿಂಟಾಶ್ ಎಂಬ ಪ್ರೊಮೋಟರ್ ಬರ್ನ್ಸ್‌ಗೆ 30,000 ಡಾಲರ್ ಖಾತ್ರಿ ಕೊಟ್ಟ ಮೇಲೆ 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಸೆಣಸು ನಡೆಯಿತು. ಜಾನ್ಸನ್‌ಗೆ ಸಿಕ್ಕಿದ್ದು 5,000 ಡಾಲರ್. 14ನೇ ಸುತ್ತಿನಲ್ಲಿ ಪೊಲೀಸರು ತಡೆದರು. ಪಟ್ಟ ಜಾನ್ಸನ್‌ಗೆ ಹೋಯಿತು. ಬರ್ನ್ಸ್ ದುಬಾರಿ ಬೆಲೆ ಕೇಳಿದರು, ನಿಜ. ಆದರೂ ಅವರಿಗಿಂತ ಮುಂಚಿನವರು ಯಾವ ಬೆಲೆಗೂ ಒಪ್ಪದ ಸೆಣಸಿಗೆ ಅವರು ಇಳಿದರು ಎಂಬ ಶ್ರೇಯವನ್ನು ಅವರಿಂದ ಕಸಿಯುವುದು ನ್ಯಾಯವಲ್ಲ. ಬಿಳಿಯರ ಮಾನ ಉಳಿಸಲೆಂದು ನಿವೃತ್ತಿಯಿಂದ ಕರೆತಂದ ಜೆಫ್ರೀಸ್‌ರನ್ನು ಜಾನ್ಸನ್ 1910ರ ಜುಲೈ 4ರಂದು ರೀನೋದಲ್ಲಿ ಸೋಲಿಸಿದರು.

ಇಲ್ಲಿಂದ ಮುಂದಿನ ಕಥೆ ಇನ್ನಷ್ಟು ತೊಡಕಿನದು. ಚಾಂಪಿಯನ್ ಆದ ಮೇಲೆ ಜಾನ್ಸನ್ ತಮ್ಮಂಥದೇ ಬವಣೆ ಉಂಡಿದ್ದ ಶ್ರೇಷ್ಠ ಕಪ್ಪು ಬಾಕ್ಸರುಗಳಾದ ಸ್ಯಾಮ್ ಲ್ಯಾಂಗ್‌ಫರ್ಡ್, ಜೋ ಜೆನೆಟ್, ಸ್ಯಾಮ್ ಮೆಕ್‌ವೇ ಅವರಿಗೆ ಪಟ್ಟದ ಸೆಣಸು ಕೊಡಲಿಲ್ಲ. ಬಿಳಿಯ ಎದುರಾಳಿಯಿದ್ದರೆ ಟಿಕೆಟ್ ಹೆಚ್ಚು ಮಾರಾಟವಾಗುತ್ತಿತ್ತು, ಗೆಲ್ಲುವುದೂ ಸುಲಭವಿತ್ತು. 1906ರಲ್ಲಿ ಜಾನ್ಸನ್ ಲ್ಯಾಂಗ್‌ಫರ್ಡ್‌ರನ್ನು ಸೋಲಿಸಿದ್ದು ಹೌದು. ಆದರೆ ಆಗ ಲ್ಯಾಂಗ್‌ಫರ್ಡ್ ತೂಕದಲ್ಲಿ ಇನ್ನೂ ಮಿಡಲ್‌ವೇಟ್ ಆಗಿದ್ದರು, ಪೂರ್ತಿ ಬಲ ತುಂಬಿಕೊಂಡದ್ದು ಆಮೇಲೆ. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಹುಟ್ಟಿದ ಈ ಕುಳ್ಳ ದೇಹದ ಬಾಕ್ಸರ್ ಲೈಟ್‌ವೇಟ್‌ನಿಂದ ಹೆವಿವೇಟ್‌ವರೆಗೆ ಎಲ್ಲರೊಡನೆ ಕಾದಿದವರು. ಬಿಳಿಯರು ಒಲ್ಲದ, ಕಪ್ಪು ಚಾಂಪಿಯನ್ನನೂ ಒಲ್ಲದ ಇಂಥವರು ಹೊಟ್ಟೆಪಾಡಿಗಾಗಿ ತಮ್ಮತಮ್ಮಲ್ಲೇ ಮತ್ತೆಮತ್ತೆ ಸೆಣಸಬೇಕಾಯಿತು. ಲ್ಯಾಂಗ್‌ಫರ್ಡ್ ಮತ್ತು ಹ್ಯಾರಿ ವಿಲ್ಸ್ ಪರಸ್ಪರ ಹದಿನೈದಕ್ಕೂ ಹೆಚ್ಚು ಬಾರಿ ಗುದ್ದಾಡಿದರು. ಅವರಿಗೆಂದೇ ‘ಕಪ್ಪುವರ್ಣೀಯರ ವಿಶ್ವ ಹೆವಿವೇಟ್ ಪಟ್ಟ’ ಎಂಬ ಬೇರೆ ಪಟ್ಟವಿತ್ತು. ಊಟದ ಪಂಕ್ತಿಯಲ್ಲೇ ಬೇರೆ ಎಲೆ ಹಾಕಿದ ಹಾಗೆ. ಲ್ಯಾಂಗ್‌ಫರ್ಡ್ ಕೊನೆಗೆ ಕಣ್ಣು ಕಳೆದುಕೊಂಡರು. 1944ರಲ್ಲಿ ನ್ಯೂಯಾರ್ಕ್‌ನ ಪತ್ರಕರ್ತ ಆಲ್ ಲೇನಿ ಅವರನ್ನು ಹಾರ್ಲೆಮ್‌ನ ಬಡ ಕೋಣೆಯೊಂದರಲ್ಲಿ ಪತ್ತೆಹಚ್ಚಿ ಬರೆದ ಮೇಲೆ ಓದುಗರು ಕೂಡಿಸಿದ ನಿಧಿಯಿಂದ ಅವರ ಕೊನೆಯ ವರ್ಷಗಳು ನಡೆದವು.

ಹ್ಯಾರಿ ವಿಲ್ಸ್ ಪ್ರಕರಣ ಅಧಿಕಾರ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಗೆ ಒಳ್ಳೆಯ ಉದಾಹರಣೆ. ಜ್ಯಾಕ್ ಡೆಂಪ್ಸಿ 1919ರಿಂದ 1926ರವರೆಗೆ ಚಾಂಪಿಯನ್. ಆ ವರ್ಷಗಳಲ್ಲಿ ಅವರ ಮುಂದೆ ನಿಲ್ಲಬೇಕಾಗಿದ್ದ ಮೊದಲ ಹೆಸರು ವಿಲ್ಸ್‌ರದು. ಒಪ್ಪಂದಕ್ಕೆ ಸಹಿಯೂ ಬಿದ್ದಿತ್ತು. ಆದರೆ ರೀನೋದ ಸೆಣಸನ್ನು ಏರ್ಪಡಿಸಿ, ಅದರ ಬಳಿಕ ಅಮೆರಿಕದ ಊರೂರುಗಳಲ್ಲಿ ನಡೆದ ಜನಾಂಗೀಯ ಹಿಂಸೆಯನ್ನು ಕಂಡಿದ್ದ ಪ್ರೊಮೋಟರ್ ಟೆಕ್ಸ್ ರಿಕಾರ್ಡ್ ಮತ್ತೊಮ್ಮೆ ಕಪ್ಪು-ಬಿಳುಪಿನ ಹೆವಿವೇಟ್ ಸೆಣಸಿಗೆ ಮನಸ್ಸು ಮಾಡಲಿಲ್ಲ. 1923ರಲ್ಲಿ ಫಿರ್ಪೊ ವಿರುದ್ಧ ಗೆದ್ದ ಡೆಂಪ್ಸಿ ಮೂರು ವರ್ಷ ಪಟ್ಟವನ್ನು ಪಣಕ್ಕೇ ಇಡಲಿಲ್ಲ. ನ್ಯೂಯಾರ್ಕ್‌ನ ಬಾಕ್ಸಿಂಗ್ ಆಯೋಗ ಮೊದಲು ವಿಲ್ಸ್ ಜೊತೆ ಸೆಣಸಬೇಕೆಂದು ಪಟ್ಟುಹಿಡಿದಾಗ ಜೀನ್ ಟನಿ ವಿರುದ್ಧದ ಸೆಣಸನ್ನು ಫಿಲಡೆಲ್ಫಿಯಾಕ್ಕೆ ಸಾಗಿಸಲಾಯಿತು. 1926ರ ಸೆಪ್ಟೆಂಬರ್ 23ರಂದು 1,20,000ಕ್ಕೂ ಹೆಚ್ಚು ಜನರ ಮುಂದೆ ಡೆಂಪ್ಸಿ ಸೋತರು. ತಾನು ವಿಲ್ಸ್‌ಗೆ ಎಂದೂ ಹೆದರಿರಲಿಲ್ಲ ಎಂದು ಡೆಂಪ್ಸಿ ಹೇಳುತ್ತಲೇ ಇದ್ದರು. ಅದು ನಿಜವೇ ಇರಬಹುದು. ಆದರೆ ಹೆದರಿಕೆಯಿಲ್ಲದೆಯೂ ಅನ್ಯಾಯ ನಡೆಯುತ್ತದೆ. ಕಪ್ಪು ಬಾಕ್ಸರುಗಳಿಗೆ ಹೆವಿವೇಟ್ ಪಟ್ಟದ ಬಾಗಿಲು ಮತ್ತೆ ತೆರೆದದ್ದು 1937ರಲ್ಲಿ, ಜೋ ಲೂಯಿಸ್ ಶಿಕಾಗೋದಲ್ಲಿ ಚಾಂಪಿಯನ್ ಬ್ರ್ಯಾಡಕ್‌ರನ್ನು ಕೆಡವಿದಾಗ. ಲೂಯಿಸ್ ಪಟ್ಟವನ್ನು 25 ಬಾರಿ ಯಶಸ್ವಿಯಾಗಿ ಕಾಪಾಡಿಕೊಂಡರು.

ಕೆಳಗಿನ ತೂಕಗಳಲ್ಲಿ ಬಾಗಿಲು ಇನ್ನೂ ಅರೆತೆರೆದೇ ಇತ್ತು. 1940ರ ದಶಕದಲ್ಲಿ ಚಾರ್ಲಿ ಬರ್ಲಿ, ಹೋಲ್ಮನ್ ವಿಲಿಯಮ್ಸ್, ಎಡ್ಡಿ ಬೂಕರ್, ಜ್ಯಾಕ್ ಚೇಸ್, ಲಾಯ್ಡ್ ಮಾರ್ಷಲ್ ಮೊದಲಾದ ಕಪ್ಪು ಬಾಕ್ಸರುಗಳ ಗುಂಪಿಗೆ ‘ಬ್ಲ್ಯಾಕ್ ಮರ್ಡರರ್ಸ್ ರೋ’ ಎಂಬ ಹೆಸರು ಬಂತು. ಬರ್ಲಿ 1944ರಲ್ಲಿ ಆರ್ಚಿ ಮೂರ್‌ರನ್ನು ಸೋಲಿಸಿದರು. ವಿಶ್ವಪಟ್ಟಕ್ಕಾಗಿ ಸೆಣಸುವ ಅವಕಾಶ ಮಾತ್ರ ಜೀವಮಾನದಲ್ಲಿ ಒಮ್ಮೆಯೂ ಸಿಗಲಿಲ್ಲ. ಆಮೇಲೆ ಅವರು ಪಿಟ್ಸ್‌ಬರ್ಗ್‌ನಲ್ಲಿ ಕಸ ಸಾಗಿಸುವ ಕೆಲಸಕ್ಕೆ ಸೇರಿದರು. ಅಲ್ಲಿ ಅವರ ನೆರೆಯಲ್ಲಿ ಬೆಳೆದ ನಾಟಕಕಾರ ಆಗಸ್ಟ್ ವಿಲ್ಸನ್ ‘ಫೆನ್ಸಸ್’ ನಾಟಕದ ಟ್ರಾಯ್ ಮ್ಯಾಕ್ಸನ್ ಪಾತ್ರಕ್ಕೆ ಬರ್ಲಿಯವರಿಂದ ಪ್ರೇರಣೆ ಪಡೆದರು. ಆರ್ಚಿ ಮೂರ್‌ಗೆ ಲೈಟ್‌ಹೆವಿವೇಟ್ ಅವಕಾಶ ಸಿಕ್ಕಿದ್ದು 1952ರ ಡಿಸೆಂಬರ್‌ನಲ್ಲಿ, ವಯಸ್ಸು ಮೂವತ್ತೈದು ದಾಟಿದ ಮೇಲೆ. ಚಾಂಪಿಯನ್ ಜೋಯಿ ಮ್ಯಾಕ್ಸಿಮ್‌ಗೆ 1,00,000 ಡಾಲರ್ ಖಾತ್ರಿ ಕೊಡಬೇಕಾದ್ದರಿಂದ ಗೆದ್ದ ಮೂರ್‌ಗೆ ಉಳಿದದ್ದು 800 ಡಾಲರ್. ಆ ಪಟ್ಟ ಮುಂದಿನ ಸುಮಾರು ಒಂದು ದಶಕ ಅವರ ಬಳಿಯೇ ಇತ್ತು ಎಂಬುದೇ, ಅವರನ್ನು ಅಷ್ಟು ಕಾಲ ಹೊರಗೆ ನಿಲ್ಲಿಸಿದ್ದೇಕೆ ಎಂಬುದಕ್ಕೆ ಉತ್ತರ.

ಬಣ್ಣದ ನೆಪವಿಲ್ಲದೆ, ಮ್ಯಾನೇಜರನ ಲೆಕ್ಕಾಚಾರದಿಂದಲೇ ಎದುರಾಳಿಯನ್ನು ದೂರವಿಟ್ಟ ಪ್ರಸಿದ್ಧ ಪ್ರಕರಣ ಫ್ಲಾಯ್ಡ್ ಪ್ಯಾಟರ್ಸನ್ ಅವರದು. 1956ರಲ್ಲಿ 21ನೇ ವಯಸ್ಸಿಗೇ ಹೆವಿವೇಟ್ ಪಟ್ಟ ಗೆದ್ದ ಪ್ಯಾಟರ್ಸನ್‌ರ ಎದುರಾಳಿಗಳನ್ನು ಮ್ಯಾನೇಜರ್ ಕಸ್ ಡಮಾಟೊ ಅಳೆದು ತೂಗಿ ಆರಿಸುತ್ತಿದ್ದರು. 1957ರಲ್ಲಿ ಸಿಯಾಟಲ್‌ನಲ್ಲಿ ಪ್ಯಾಟರ್ಸನ್ ಎದುರಿಸಿದ ಪೀಟ್ ರಾಡೆಮಾಕರ್ ಒಲಿಂಪಿಕ್ ಚಿನ್ನ ಗೆದ್ದವರಾದರೂ ಅದು ಅವರ ಮೊತ್ತಮೊದಲ ವೃತ್ತಿಪರ ಸೆಣಸು. ಆಗ ಬಾಕ್ಸಿಂಗ್ ವ್ಯಾಪಾರವನ್ನು ಬಿಗಿಯಾಗಿ ಹಿಡಿದಿದ್ದ ಇಂಟರ್‌ನ್ಯಾಷನಲ್ ಬಾಕ್ಸಿಂಗ್ ಕ್ಲಬ್‌ಗೆ ತಲೆಬಾಗಬಾರದು ಎಂಬುದು ಡಮಾಟೊ ಅವರ ವಾದ; ಬಲಿಷ್ಠ ಸವಾಲುಗಾರ ಸನ್ನಿ ಲಿಸ್ಟನ್ ಸುತ್ತ ಭೂಗತ ಲೋಕದವರು ಇದ್ದಾರೆ ಎಂಬುದು ಇನ್ನೊಂದು ಕಾರಣ. ಎರಡರಲ್ಲೂ ಹುರುಳಿತ್ತು. ಕೊನೆಗೆ ಪ್ಯಾಟರ್ಸನ್ ತಮ್ಮ ಮ್ಯಾನೇಜರನ ಮಾತು ಮೀರಿ ಲಿಸ್ಟನ್ ಸವಾಲನ್ನು ಒಪ್ಪಿಕೊಂಡರು. 1962ರ ಸೆಪ್ಟೆಂಬರ್ 25ರಂದು ಶಿಕಾಗೋದಲ್ಲಿ ಮೊದಲ ಸುತ್ತು ಮುಗಿಯುವ ಮೊದಲೇ ನಾಕೌಟ್ ಆದರು. ಮರುವರ್ಷ ಲಾಸ್ ವೇಗಸ್‌ನಲ್ಲೂ ಅದೇ ಆಯಿತು. ಡಮಾಟೊ ಅಂದಾಜು ತಪ್ಪಾಗಿರಲಿಲ್ಲ. ತಪ್ಪಿಸಿಕೊಳ್ಳುವುದನ್ನು ಬರೀ ಪುಕ್ಕಲುತನ ಎಂದು ಜರಿಯುವವರು ಈ ಎರಡು ನಾಕೌಟುಗಳನ್ನು ನೆನೆಯಬೇಕು. ಮತ್ತು ಸೋಲುವ ಸಾಧ್ಯತೆ ತಿಳಿದೂ ಕಣಕ್ಕಿಳಿದ ಪ್ಯಾಟರ್ಸನ್‌ರ ಧೈರ್ಯವನ್ನೂ.

1960ರ ದಶಕದಿಂದ ಈಚೆಗೆ ಪಟ್ಟವೇ ಒಡೆದು ಹಲವಾಯಿತು. 1962ರಲ್ಲಿ ಹೊಸ ಹೆಸರು ಪಡೆದ ಡಬ್ಲ್ಯುಬಿಎ, 1963ರ ಡಬ್ಲ್ಯುಬಿಸಿ, 1983ರ ಐಬಿಎಫ್, 1988ರ ಡಬ್ಲ್ಯುಬಿಒ ಎಂದು ನಾಲ್ಕು ಸಂಸ್ಥೆಗಳು 17 ತೂಕದ ವರ್ಗಗಳಲ್ಲಿ ತಮ್ಮತಮ್ಮ ಬೆಲ್ಟ್ ಕೊಡುತ್ತವೆ. ಒಂದೇ ತೂಕದಲ್ಲಿ ನಾಲ್ವರು ‘ವಿಶ್ವ ಚಾಂಪಿಯನ್’ ಇರುವುದಾದರೆ ಒಬ್ಬರು ಇನ್ನೊಬ್ಬರ ಮುಖ ನೋಡದೆಯೂ ನಿವೃತ್ತರಾಗಬಹುದು. 1990ರ ದಶಕದ ಕೊನೆಯಲ್ಲಿ ಲೈಟ್‌ಹೆವಿವೇಟ್‌ನ ಇಬ್ಬರು ಶ್ರೇಷ್ಠರಾದ ಅಮೆರಿಕದ ರಾಯ್ ಜೋನ್ಸ್ ಮತ್ತು ಜರ್ಮನಿಯಲ್ಲಿ ನೆಲೆಸಿದ್ದ ಪೋಲೆಂಡ್ ಮೂಲದ ಡಾರಿಯುಷ್ ಮಿಖಲ್‌ಚೆವ್‌ಸ್ಕಿ ಹಾಗೆಯೇ ಉಳಿದರು. ಇಬ್ಬರಿಗೂ ತಮ್ಮ ನೆಲದಲ್ಲಿ ಒಳ್ಳೆಯ ಆದಾಯವಿತ್ತು, ಸಮುದ್ರ ದಾಟಿ ಹೋಗುವ ಅಗತ್ಯ ಇಬ್ಬರಿಗೂ ಕಾಣಲಿಲ್ಲ. ಅವರಲ್ಲಿ ಯಾರು ಮೇಲು ಎಂಬ ಜಗಳ ಇಂದಿಗೂ ತೀರಿಲ್ಲ.

ತಪ್ಪಿಸಿಕೊಳ್ಳುವುದನ್ನು ತಡೆಯಲೆಂದೇ ಈ ಸಂಸ್ಥೆಗಳು ‘ಕಡ್ಡಾಯ ಸವಾಲುಗಾರ’ ಎಂಬ ನಿಯಮ ಇಟ್ಟುಕೊಂಡಿವೆ. ಶ್ರೇಯಾಂಕದಲ್ಲಿ ಮೇಲೇರಿದವನ ಜೊತೆ ಚಾಂಪಿಯನ್ ನಿಗದಿತ ಅವಧಿಯೊಳಗೆ ಸೆಣಸಬೇಕು. ಮಾತುಕತೆ ಮುರಿದರೆ ಸೆಣಸಿನ ಹಕ್ಕನ್ನು ಹರಾಜಿಗಿಡುತ್ತಾರೆ. ಒಪ್ಪದಿದ್ದರೆ ಬೆಲ್ಟ್ ಕಿತ್ತುಕೊಳ್ಳುತ್ತಾರೆ. ಓದುವಾಗ ಅಚ್ಚುಕಟ್ಟಾದ ಏರ್ಪಾಡು. ಆದರೆ ಶ್ರೇಯಾಂಕ ಬರೆಯುವವರು ಚಾಂಪಿಯನ್ನನ ಗಳಿಕೆಯಲ್ಲಿ ಶುಲ್ಕ ಪಡೆಯುವ ಅದೇ ಸಂಸ್ಥೆಗಳು. ಚಾಂಪಿಯನ್ ಬೆಲ್ಟನ್ನು ತಾನೇ ಬಿಟ್ಟುಕೊಡುವ ದಾರಿಯೂ ತೆರೆದಿದೆ. 1992ರಲ್ಲಿ ರಿಡಿಕ್ ಬೋ ಲಂಡನ್‌ನಲ್ಲಿ ಡಬ್ಲ್ಯುಬಿಸಿ ಬೆಲ್ಟನ್ನು ಕಸದ ಬುಟ್ಟಿಗೆ ಹಾಕಿ ಲೆನಕ್ಸ್ ಲೂಯಿಸ್‌ರಿಂದ ದೂರ ಸರಿದರು. 1988ರ ಸಿಯೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಬೋ ಅವರನ್ನು ಸೋಲಿಸಿದ್ದವರು ಇದೇ ಲೂಯಿಸ್. ವೃತ್ತಿಪರ ಕಣದಲ್ಲಿ ಇಬ್ಬರೂ ಎದುರುಬದುರಾಗಲೇ ಇಲ್ಲ. ಸವಾಲುಗಾರನಿಗೆ ಹಣ ಕೊಟ್ಟು ಸದ್ಯಕ್ಕೆ ಪಕ್ಕಕ್ಕೆ ಸರಿಸುವ ‘ಸ್ಟೆಪ್ ಅಸೈಡ್’ ಪದ್ಧತಿಯೂ ಇದೆ. 1996ರಲ್ಲಿ ಮೈಕ್ ಟೈಸನ್ ಬೇರೊಬ್ಬರ ಜೊತೆ ಸೆಣಸಲು ಅನುವಾಗುವಂತೆ ಲೂಯಿಸ್‌ಗೆ 40 ಲಕ್ಷ ಡಾಲರ್ ಕೊಡಲಾಯಿತು. ಅದಾದ ಮೇಲೆ ಟೈಸನ್ ಡಬ್ಲ್ಯುಬಿಸಿ ಪಟ್ಟವನ್ನೇ ಬಿಟ್ಟರು. ಇಬ್ಬರೂ ಸೆಣಸಿದ್ದು 2002ರ ಜೂನ್‌ನಲ್ಲಿ, ಮೆಂಫಿಸ್‌ನಲ್ಲಿ. ಟೈಸನ್ ಎಂಟನೇ ಸುತ್ತಿನಲ್ಲಿ ಬಿದ್ದಾಗ ಅವರ ಒಳ್ಳೆಯ ದಿನಗಳು ಎಂದೋ ಕಳೆದಿದ್ದವು.

ನಿಯಮ ಕೆಲವೊಮ್ಮೆ ತಪ್ಪಿಲ್ಲದವರನ್ನೂ ಹೊಡೆಯುತ್ತದೆ. 2015ರ ನವೆಂಬರ್‌ನಲ್ಲಿ ವ್ಲಾಡಿಮಿರ್ ಕ್ಲಿಚ್ಕೊರನ್ನು ಸೋಲಿಸಿದ ಟೈಸನ್ ಫ್ಯೂರಿ ಒಪ್ಪಂದದಂತೆ ಕ್ಲಿಚ್ಕೊಗೆ ಮರುಸೆಣಸು ಕೊಡಬೇಕಿತ್ತು. ಅದೇ ಕಾರಣಕ್ಕೆ ಕಡ್ಡಾಯ ಸವಾಲುಗಾರನನ್ನು ಎದುರಿಸಲಾರದೆ ಕೆಲವೇ ದಿನಗಳಲ್ಲಿ ಐಬಿಎಫ್ ಬೆಲ್ಟ್ ಕಳೆದುಕೊಂಡರು.

ಎದುರಾಳಿಯನ್ನು ಆರಿಸುವಾಗ ಚಾಂಪಿಯನ್ನನ ಕಡೆಯವರು ಅಪಾಯವನ್ನೂ ಆದಾಯವನ್ನೂ ಒಟ್ಟಿಗೆ ಲೆಕ್ಕ ಹಾಕುತ್ತಾರೆ. ದೊಡ್ಡ ಹೆಸರಿರುವ ಅಪಾಯಕಾರಿ ಎದುರಾಳಿಗೆ ಒಪ್ಪುವುದು ಸುಲಭ. ಸೋತರೂ ಹಣ ಬರುತ್ತದೆ. ಹೆಸರಿಲ್ಲದ, ಸೆಣಸಿದವರೆಲ್ಲ ಚೆನ್ನಾಗಿ ಕಾಣದಂತೆ ಮಾಡುವ ನಿಪುಣನೇ ಹೆಚ್ಚು ಕಷ್ಟದವನು. ಎಡಗೈ ನಿಲುವಿನವರು ಈ ಪಟ್ಟಿಯಲ್ಲಿ ಮೊದಲಿಗರು. ಮಾರ್ವಿನ್ ಹ್ಯಾಗ್ಲರ್ 1980ರಲ್ಲಿ ಲಂಡನ್‌ನಲ್ಲಿ ಅಲನ್ ಮಿಂಟರ್‌ರಿಂದ ಮಿಡಲ್‌ವೇಟ್ ಪಟ್ಟ ಕಿತ್ತುಕೊಳ್ಳುವ ಮೊದಲು ವರ್ಷಗಟ್ಟಲೆ ಕಾದರು. ಕ್ಯೂಬಾದ ಗಿಲರ್ಮೊ ರಿಗೊಂಡೊ ಕಥೆ ಇನ್ನೂ ನೋವಿನದು. ಎರಡು ಒಲಿಂಪಿಕ್ ಚಿನ್ನ ಗೆದ್ದಿದ್ದ ಈ ಎಡಗೈ ಬಾಕ್ಸರ್ 2013ರ ಏಪ್ರಿಲ್‌ನಲ್ಲಿ ನೊನಿಟೊ ಡೊನೈರ್‌ರನ್ನು ಪಾಠ ಹೇಳಿದಂತೆ ಸೋಲಿಸಿದರು. ಆದರೆ ಪೆಟ್ಟು ತಪ್ಪಿಸುವ ಅವರ ಕಲೆ ಟಿ.ವಿ. ಕಂಪನಿಗಳಿಗೆ ರುಚಿಸಲಿಲ್ಲ. ಗೆಲುವಿನಿಂದಲೇ ಅವರ ಬೇಡಿಕೆ ಕುಸಿಯಿತು. ದೊಡ್ಡ ಸೆಣಸು ಹುಡುಕಿಕೊಂಡು 2017ರಲ್ಲಿ ಎರಡು ತೂಕ ಮೇಲೇರಿ ವಾಸಿಲ್ ಲೊಮಚೆಂಕೊ ಎದುರು ನಿಂತು, ಆರು ಸುತ್ತುಗಳ ನಂತರ ಬಿಟ್ಟುಕೊಟ್ಟರು.

ಸೋಲಿಲ್ಲದ ದಾಖಲೆಯ ಮೇಲಿನ ವ್ಯಾಮೋಹ ಇದಕ್ಕೆ ತುಪ್ಪ ಸುರಿಯಿತು. ಶುಗರ್ ರೇ ರಾಬಿನ್ಸನ್ ಜೇಕ್ ಲಮೊಟಾ ಜೊತೆ ಆರು ಸಲ ಸೆಣಸಿ ಒಮ್ಮೆ ಸೋತರು. ಆ ಸೋಲಿನಿಂದ ಅವರ ಹೆಸರಿಗೆ ಕುಂದು ಬರಲಿಲ್ಲ. ಆಗ ಒಬ್ಬ ಬಾಕ್ಸರ್ ವರ್ಷಕ್ಕೆ ಹತ್ತಾರು ಬಾರಿ ಕಣಕ್ಕಿಳಿಯುತ್ತಿದ್ದ. ಈಗಿನ ದೊಡ್ಡ ಚಾಂಪಿಯನ್ ವರ್ಷಕ್ಕೆ ಒಂದೆರಡು ಸಲ ಸೆಣಸುತ್ತಾನೆ. ಒಂದು ಸೋಲು ಎರಡು ವರ್ಷದ ಗಳಿಕೆಯನ್ನು ನುಂಗುತ್ತದೆ. ರಾಕಿ ಮಾರ್ಸಿಯಾನೊ ಅವರ 49 ಗೆಲುವು, ಶೂನ್ಯ ಸೋಲಿನ ದಾಖಲೆಯನ್ನು ಮೀರಿ 50 ತಲುಪಿದ ಫ್ಲಾಯ್ಡ್ ಮೇವೆದರ್ ಆ ಶೂನ್ಯವನ್ನೇ ಮಾರಾಟದ ಸರಕು ಮಾಡಿಕೊಂಡರು.

ಮೇವೆದರ್ ಮತ್ತು ಮ್ಯಾನಿ ಪಾಕಿಯಾವೊ ನಡುವಿನ ಸೆಣಸು ಈ ಕಾಲದ ಅತಿ ದೊಡ್ಡ ವಿವಾದ. 2009ರ ಕೊನೆಗೆ ಮಾತುಕತೆ ಬಹುತೇಕ ಮುಗಿದಿತ್ತು. ಒಲಿಂಪಿಕ್ ಮಾದರಿಯಲ್ಲಿ ಯಾವಾಗ ಬೇಕಾದರೂ ರಕ್ತಪರೀಕ್ಷೆ ಆಗಬೇಕೆಂದು ಮೇವೆದರ್ ಪಟ್ಟುಹಿಡಿದರು. ಪಾಕಿಯಾವೊ ಮೊದಲು ಒಪ್ಪಲಿಲ್ಲ, ಮಾನಹಾನಿ ಮೊಕದ್ದಮೆಯನ್ನೂ ಹೂಡಿದರು. ಇದರ ಮೇಲೆ ಇಬ್ಬರ ಪ್ರೊಮೋಟರುಗಳ ಹಳೆಯ ವೈರ, ಎಚ್‌ಬಿಒ ಮತ್ತು ಶೋಟೈಮ್ ಚಾನೆಲ್‌ಗಳ ಪೈಪೋಟಿ. ಒಂದು ಗುಂಪಿನ ಅಭಿಮಾನಿಗಳಿಗೆ ರಕ್ತಪರೀಕ್ಷೆ ಮೇವೆದರ್ ಹುಡುಕಿದ ನೆಪ. ಇನ್ನೊಂದು ಗುಂಪಿಗೆ ಅದನ್ನು ನಿರಾಕರಿಸಿದ ಪಾಕಿಯಾವೊ ಅವರೇ ತಪ್ಪಿಸಿಕೊಂಡವರು. 2012ರ ಡಿಸೆಂಬರ್‌ನಲ್ಲಿ ಪಾಕಿಯಾವೊ ಅವರನ್ನು ಹ್ವಾನ್ ಮ್ಯಾನುಯೆಲ್ ಮಾರ್ಕೆಸ್ ಒಂದೇ ಗುದ್ದಿಗೆ ಮಲಗಿಸಿದರು. 2015ರ ಮೇ 2ರಂದು ಲಾಸ್ ವೇಗಸ್‌ನಲ್ಲಿ ಸೆಣಸು ನಡೆದಾಗ ಮೇವೆದರ್‌ಗೆ 38, ಪಾಕಿಯಾವೊಗೆ 36 ವರ್ಷ. ಅಮೆರಿಕದಲ್ಲಿ 46 ಲಕ್ಷ ಮನೆಗಳು ಹಣ ಕೊಟ್ಟು ನೋಡಿದವು. ಮೇವೆದರ್ ಅಂಕಗಳಲ್ಲಿ ಗೆದ್ದರು. ಐದು ವರ್ಷ ತಡವಾದದ್ದರಿಂದ ಇಬ್ಬರ ಜೇಬೂ ಹೆಚ್ಚು ತುಂಬಿತು. ಕಳೆದುಹೋದದ್ದು ಇಬ್ಬರೂ ಉತ್ತುಂಗದಲ್ಲಿದ್ದಾಗ ಆಗಬೇಕಿದ್ದ ಸೆಣಸು, ಅದು ಪ್ರೇಕ್ಷಕರ ಪಾಲಿನ ನಷ್ಟ. ಹೀಗೆ ಬೇಕೆಂದೇ ಕಾಯಿಸಿ ಬೆಲೆ ಏರಿಸುವುದಕ್ಕೆ ಬಾಕ್ಸಿಂಗ್ ವಲಯದಲ್ಲಿ ‘ಮ್ಯಾರಿನೇಟ್ ಮಾಡುವುದು’ ಎನ್ನುತ್ತಾರೆ.

ಕಾಯಿಸುವುದರಿಂದ ಎದುರಾಳಿ ಮುದಿಯಾಗುತ್ತಾನೆ ಎಂಬ ಅನುಮಾನ ಕಝಕಿಸ್ತಾನದ ಗೆನ್ನಡಿ ಗೊಲೊವ್ಕಿನ್ ಪ್ರಕರಣದಲ್ಲಿ ಇನ್ನೂ ಗಟ್ಟಿಯಾಗಿ ಕೇಳಿಬಂತು. 2016ರ ಮೇನಲ್ಲಿ ಮೆಕ್ಸಿಕೋದ ಸೌಲ್ ‘ಕನೆಲೊ’ ಅಲ್ವಾರೆಜ್ ಗೊಲೊವ್ಕಿನ್ ಜೊತೆ ಸೆಣಸುವ ಬದಲು ಡಬ್ಲ್ಯುಬಿಸಿ ಮಿಡಲ್‌ವೇಟ್ ಬೆಲ್ಟ್ ಬಿಟ್ಟುಕೊಟ್ಟರು. 2017ರ ಸೆಪ್ಟೆಂಬರ್‌ನಲ್ಲಿ ಇಬ್ಬರೂ ಎದುರಾದಾಗ ಗೊಲೊವ್ಕಿನ್‌ಗೆ 35 ವರ್ಷ. ಫಲಿತಾಂಶ ಡ್ರಾ, ತೀರ್ಪುಗಾರರೊಬ್ಬರು ಕನೆಲೊಗೆ 118–110 ಅಂಕ ಕೊಟ್ಟದ್ದನ್ನು ಕಂಡು ಅಭಿಮಾನಿಗಳು ಕೆರಳಿದರು. 2018 ಮತ್ತು 2022ರ ಸೆಣಸುಗಳನ್ನು ಕನೆಲೊ ಗೆದ್ದರು. ಕನೆಲೊ ಒಮ್ಮೆ ಕಾಯಿಸಿದರು ಎಂಬುದು ಸರಿ. ಮೂರು ಸಲ ಸೆಣಸಿದವರನ್ನು ಓಡಿಹೋದವರೆನ್ನುವುದು ಸರಿಯಲ್ಲ. 2022ರಲ್ಲಿ ತಮಗಿಂತ ದೊಡ್ಡ ದೇಹದ ಡಿಮಿಟ್ರಿ ಬಿವೊಲ್ ಎದುರು ಮೇಲಿನ ತೂಕಕ್ಕೆ ಹೋಗಿ ಸೋತವರೂ ಅವರೇ.

ಅಭಿಮಾನಿಗಳ ವಾದದಲ್ಲಿ ಬಳಕೆಯಾಗುವ ಸಾಕ್ಷ್ಯ ಹಲವು ಬಗೆಯದು. ಪತ್ರಿಕೆಗೆ ಸೋರಿಬಿಟ್ಟ ‘ಆಫರ್’ ಎಲ್ಲಕ್ಕಿಂತ ದುರ್ಬಲ. ಎದುರಾಳಿ ಒಪ್ಪಲಾರದ ಮೊತ್ತವನ್ನು ಹೇಳಿ, ಅವನೇ ಒಲ್ಲೆನೆಂದ ಎಂದು ಸಾರುವುದು ಹಳೆಯ ತಂತ್ರ. 2018ರಲ್ಲಿ ಡಿಯಾಂಟೆ ವೈಲ್ಡರ್ ಕಡೆಯವರು ಆಂಥನಿ ಜೋಷುವಾಗೆ 5 ಕೋಟಿ ಡಾಲರ್ ಮುಂದಿಟ್ಟದ್ದು ಪ್ರಾಮಾಣಿಕವೇ ಅಲ್ಲವೇ ಎಂದು ಎರಡೂ ಬಣಗಳು ಕಚ್ಚಾಡುತ್ತಿದ್ದಂತೆ, 2019ರ ಜೂನ್ 1ರಂದು ಜೋಷುವಾ ನ್ಯೂಯಾರ್ಕ್‌ನಲ್ಲಿ ಆ್ಯಂಡಿ ರುಯಿಜ್‌ಗೆ ಸೋತು ಆ ಸೆಣಸಿನ ಬೆಲೆಯೇ ಇಳಿಯಿತು. ಅದಕ್ಕಿಂತ ನಂಬಿಕೆಗೆ ಅರ್ಹವಾದದ್ದು ತೂಕದ ಷರತ್ತು: ಎದುರಾಳಿ ತನ್ನ ಸಹಜ ತೂಕಕ್ಕಿಂತ ಕೆಳಗೆ ಇಳಿಯಬೇಕು, ತೂಕ ಹಾಕಿದ ಮರುದಿನ ಇಷ್ಟಕ್ಕಿಂತ ಹೆಚ್ಚು ಏರಬಾರದು ಎಂಬ ಕರಾರುಗಳು ಬರಹದಲ್ಲಿ ಇರುತ್ತವೆ, ಮೇಲುಗೈ ಯಾರದೆಂದು ತೋರಿಸುತ್ತವೆ. ಅತ್ಯಂತ ಗಟ್ಟಿಯಾದ ಸಾಕ್ಷ್ಯ ಬಿಟ್ಟುಕೊಟ್ಟ ಬೆಲ್ಟ್. ಆದೇಶವಿದ್ದೂ ಸೆಣಸದೆ ಪಟ್ಟ ತ್ಯಜಿಸಿದಾಗ ನೆಪಗಳಿಗೆ ಹೆಚ್ಚು ಜಾಗ ಉಳಿಯುವುದಿಲ್ಲ.

ಭಾರತದಲ್ಲಿ ಈ ವಾದ ಹವ್ಯಾಸಿ ಬಾಕ್ಸಿಂಗ್‌ನ ಆಯ್ಕೆಯ ರೂಪದಲ್ಲಿ ಬಂತು. 2019ರಲ್ಲಿ ಟೋಕಿಯೊ ಒಲಿಂಪಿಕ್ಸ್ ಅರ್ಹತಾ ಸ್ಪರ್ಧೆಗೆ ಮೇರಿ ಕೋಮ್ ಅವರನ್ನು ನೇರವಾಗಿ ಕಳಿಸುವ ಸೂಚನೆ ಕಂಡಾಗ ತೆಲಂಗಾಣದ ನಿಖತ್ ಜರೀನ್ ತಮಗೂ ಅವರಿಗೂ ಟ್ರಯಲ್ಸ್ ನಡೆಸಬೇಕೆಂದು ಕ್ರೀಡಾ ಸಚಿವ ಕಿರಣ್ ರಿಜಿಜು ಅವರಿಗೆ ಪತ್ರ ಬರೆದರು. ಹಿರಿಯರನ್ನು ಪ್ರಶ್ನಿಸಿದರೆಂದು ಹಲವರು ನಿಖತ್ ಮೇಲೆ ಸಿಟ್ಟಾದರು. ಅವರು ಕೇಳಿದ್ದು ಒಂದು ಸೆಣಸಿನ ಹಕ್ಕನ್ನು ಮಾತ್ರ. ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಟ್ರಯಲ್ಸ್ ನಡೆಯಿತು, ಮೇರಿ ಕೋಮ್ 9–1ರಲ್ಲಿ ಗೆದ್ದರು. ನಿಖತ್ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದರು.

ಇತ್ತೀಚಿನ ವರ್ಷಗಳಲ್ಲಿ ವೃತ್ತಿಪರ ಬಾಕ್ಸಿಂಗ್‌ಗೆ ಹರಿದುಬಂದ ಸೌದಿ ಅರೇಬಿಯಾದ ಹಣ, ಅಡ್ಡಿಯಾಗಿದ್ದದ್ದು ಹೆದರಿಕೆಯೋ ಹಣವೋ ಎಂಬ ಹಳೆಯ ಅನುಮಾನವನ್ನು ಬಗೆಹರಿಸಿದೆ. ಬೇರೆಬೇರೆ ಪ್ರೊಮೋಟರುಗಳ ಬಾಕ್ಸರುಗಳಿಗೆ ಒಂದೇ ಕೈ ಹಣ ಕೊಟ್ಟಾಗ, ಆಗುವುದೇ ಇಲ್ಲವೆಂದಿದ್ದ ಸೆಣಸುಗಳು ಆದವು. 2024ರ ಮೇ 18ರಂದು ರಿಯಾದ್‌ನಲ್ಲಿ ಒಲೆಕ್ಸಾಂಡರ್ ಉಸಿಕ್ ಟೈಸನ್ ಫ್ಯೂರಿಯನ್ನು ಸೋಲಿಸಿ, ಲೆನಕ್ಸ್ ಲೂಯಿಸ್ 1999ರಲ್ಲಿ ಸಾಧಿಸಿದ ನಂತರ ಹೆವಿವೇಟ್‌ನ ಮೊದಲ ಏಕೈಕ ಚಾಂಪಿಯನ್ ಆದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲೇ ಆರ್ತುರ್ ಬೆಟರ್‌ಬಿಯೆವ್ ಮತ್ತು ಬಿವೊಲ್ ಲೈಟ್‌ಹೆವಿವೇಟ್‌ನ ನಾಲ್ಕೂ ಬೆಲ್ಟ್‌ಗಳಿಗೆ ಕಾದಿದರು. ಬೆಟರ್‌ಬಿಯೆವ್ ಗೆದ್ದರು, 2025ರ ಫೆಬ್ರುವರಿಯ ಮರುಸೆಣಸಿನಲ್ಲಿ ಬಿವೊಲ್. ಈ ನಾಲ್ವರಲ್ಲಿ ಯಾರೂ ಹೆದರಿ ಕೂತಿದ್ದವರಲ್ಲ. ಆದರೆ ಹಣವೂ ಎಲ್ಲವನ್ನೂ ಕೂಡಿಸಲಿಲ್ಲ. 2021ರಲ್ಲಿ ಸೂಪರ್ ಮಿಡಲ್‌ವೇಟ್‌ನ ನಾಲ್ಕೂ ಬೆಲ್ಟ್ ಗೆದ್ದ ಕನೆಲೊ ಬಳಿ ಅದೇ ತೂಕದ ಡಬ್ಲ್ಯುಬಿಸಿ ಮಧ್ಯಂತರ ಚಾಂಪಿಯನ್ ಡೇವಿಡ್ ಬೆನವಿಡೆಜ್ 2022ರಿಂದ ಸೆಣಸು ಕೇಳುತ್ತಿದ್ದರು. ಬೆನವಿಡೆಜ್ ದೇಹ ತನಗಿಂತ ಬಹಳ ದೊಡ್ಡದು ಎಂದ ಕನೆಲೊ ಭಾರಿ ಮೊತ್ತವಿಲ್ಲದೆ ಒಪ್ಪುವುದಿಲ್ಲ ಎಂದರು. 2024ರಲ್ಲಿ ಬೆನವಿಡೆಜ್ ಲೈಟ್‌ಹೆವಿವೇಟ್‌ಗೆ ಏರಿ ಅಲ್ಲಿ ಮಧ್ಯಂತರ ಬೆಲ್ಟ್ ಗೆದ್ದರು.